ರಾತ್ರಿ ಕಯಾಕ್ ಪಯಣ: ದೀಪದ ನಿಯಮ

ಬೆಳದಿಂಗಳ ಕಯಾಕ್ ಪಯಣ ಏರ್ಪಡಿಸುವ ಚರ್ಚ್ ಯುವ ಸಂಘಟನೆಗಳು ಇದನ್ನು ತಿಳಿದಿರಬೇಕು. ಸಮುದ್ರದಲ್ಲಿ ಡಿಕ್ಕಿ ತಡೆಯುವ 1972ರ ಅಂತಾರಾಷ್ಟ್ರೀಯ ನಿಯಮಾವಳಿಯ 25ನೇ ನಿಯಮದಂತೆ, ಹುಟ್ಟು ಹಾಕುವ ದೋಣಿಗೆ ಕೆಂಪು-ಹಸಿರು ದೀಪ ಕಡ್ಡಾಯವಲ್ಲ. ಆದರೆ ಬಿಳಿ ಬೆಳಕಿನ ಟಾರ್ಚ್ ಕೈಗೆಟುಕುವಂತಿರಬೇಕು, ಡಿಕ್ಕಿ ತಪ್ಪುವಷ್ಟು ಮೊದಲೇ ಅದನ್ನು ತೋರಿಸಬೇಕು. ಚೀಲದೊಳಗಿನ ಟಾರ್ಚ್ ಇದ್ದೂ ಇಲ್ಲದಂತೆ! ನೀರಿಗೆ ಅಂಟಿಕೊಂಡಂತೆ ಸಾಗುವ ಕಯಾಕ್, ಅಳಿವೆಬಾಗಿಲಲ್ಲಿ ಎದುರಾಗುವ ಮೀನುಗಾರಿಕಾ ಬೋಟಿನವರಿಗೆ ಕತ್ತಲಲ್ಲಿ ಕಾಣುವುದೇ ಕಷ್ಟ. ರೇಡಾರಿಗೂ ಸುಲಭವಾಗಿ ಸಿಗದು. ಹಣೆದೀಪ ಸದಾ ಉರಿಯುತ್ತಿದ್ದರೆ ನಮಗೇ ಸುತ್ತಲಿನದು ಕಾಣಿಸದು. ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಸುಮಾರು 30 ನಿಮಿಷ ಬೇಕು. ನಕ್ಷೆ ನೋಡಲು ಮಂದ ಕೆಂಪು ಬೆಳಕು ಸಾಕು. ಹುಟ್ಟಿನ ಅಲಗಿಗೆ, ಲೈಫ್ ಜಾಕೆಟ್‌ಗೆ ಬೆಳಕು ಪ್ರತಿಫಲಿಸುವ ಪಟ್ಟಿ ಅಂಟಿಸಿರಿ. ಮಿನುಗುವ ದೀಪ ಅಪಾಯದ ಹೊತ್ತಿಗೆ ಮಾತ್ರ.