ಕಾಲಿಗೆ ಕರೆಂಟ್ ಕೊಡಿಸುವ ಕಥೆ

"ಕಾಲಿಗೆ ಕರೆಂಟ್ ಕೊಡಿಸಿದ್ರ ನಮ್ಮ ಹುಡುಗ ನೆಟ್ಟಗ ನಡೀತಾನೇನ್ರೀ ಅಣ್ಣಾರ?"

ಮುರಗೋಡದಿಂದ ಬೈಲಹೊಂಗಲಕ್ಕೆ ಹೋಗುವ ಬಸ್ಸಿನಲ್ಲಿ ತಾಯಿಯೊಬ್ಬರು ಕೇಳಿದ್ದು. ಹುಡುಗನಿಗೆ ಸೆರೆಬ್ರಲ್ ಪಾಲ್ಸಿ, ತುದಿಗಾಲಲ್ಲೇ ನಡೆಯುತ್ತಾನೆ. ಆಗ ಉತ್ತರ ಹೇಳಲಾಗಲಿಲ್ಲ. ಆಮೇಲೆ ಓದಿ ತಿಳಿದದ್ದು ಇಷ್ಟು. (ನಾನು ಡಾಕ್ಟರಲ್ಲ, ಮೊದಲೇ ಹೇಳಿಬಿಡುತ್ತೇನೆ.)

ಕಥೆ ಶುರುವಾಗುವುದು ಕಪ್ಪೆಯಿಂದ. ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುವುದನ್ನು ಇಟಲಿಯ ಗಾಲ್ವಾನಿ 1791ರಲ್ಲಿ ಪ್ರಕಟಿಸಿದ. ಚರ್ಮದ ಮೇಲಿಂದಲೇ ಬೇಕಾದ ಸ್ನಾಯುವಿಗಷ್ಟೇ ಕರೆಂಟ್ ಕೊಡುವುದರ ಬಗ್ಗೆ ಫ್ರಾನ್ಸಿನ ಡುಷೆನ್ 1855ರಲ್ಲಿ ಪುಸ್ತಕವನ್ನೇ ಬರೆದ. ಇತ್ತ ಲಂಡನ್ನಿನ ವಿಲಿಯಂ ಲಿಟಲ್ 1861ರಲ್ಲಿ ಈ ಮಕ್ಕಳ ಬಿಗಿತವನ್ನು ಹೆರಿಗೆಯ ತೊಡಕುಗಳ ಜತೆ ಜೋಡಿಸಿದ. ಲಿಟಲ್‌ನ ಪಾದವೇ ಸೊಟ್ಟಗಿತ್ತು, ಜರ್ಮನಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದಿದ್ದ. ನೋವುಂಡವನಿಗೇ ಗೊತ್ತು ನೋಡಿ!

ಇದಾಗಿ ನೂರು ವರ್ಷಕ್ಕೆ, 1961ರಲ್ಲಿ, ಅಮೆರಿಕದ ಲಿಬರ್ಸನ್ ಮತ್ತು ಸಂಗಡಿಗರು ಲಕ್ವಾ ಹೊಡೆದವರಿಗಾಗಿ ಒಂದು ಸಾಧನ ಮಾಡಿದರು. ಬೂಟಿನ ಹಿಮ್ಮಡಿಯಲ್ಲಿ ಸ್ವಿಚ್. ಹಿಮ್ಮಡಿ ಎತ್ತಿದ ಕೂಡಲೇ ಮೊಣಕಾಲ ಕೆಳಗೆ ಹೊರಬದಿಯ ನರಕ್ಕೆ ಕರೆಂಟ್ ಹೋಗುತ್ತದೆ, ಪಾದದ ಮುಂಭಾಗ ಮೇಲೇಳುತ್ತದೆ. ಹಿಮ್ಮಡಿ ನೆಲ ಮುಟ್ಟಿದರೆ ಬಂದ್. ಎಷ್ಟು ಸರಳ! ಮುಂದೆ ಯುಗೊಸ್ಲಾವಿಯದ ಲುಬ್ಲಿಯಾನಾದಲ್ಲಿ ಇಂಥದ್ದನ್ನು ಮಕ್ಕಳಿಗೂ ಕಟ್ಟಿ ನೋಡಿದರು. ಆದರೆ ತುದಿಗಾಲಲ್ಲಿ ನಡೆಯುವ ಮಗುವಿನ ಹಿಮ್ಮಡಿ ನೆಲಕ್ಕೆ ತಾಗುವುದೇ ಕಷ್ಟವಲ್ಲವೇ? ಈಚಿನ ವಾಕ್‌ಏಯ್ಡ್ ಎಂಬ ಸಾಧನಕ್ಕೆ ಹಿಮ್ಮಡಿಯ ಸ್ವಿಚ್ಚೇ ಬೇಕೆಂದಿಲ್ಲ, ಕಾಲು ಎಷ್ಟು ಓರೆಯಾಗಿದೆ ಎಂದು ನೋಡಿಯೇ ಕರೆಂಟ್ ಬಿಡುತ್ತದೆ.

ನಡುವೆ ಇನ್ನೊಂದು ದಾರಿಯೂ ಇತ್ತು. ಮಗು ಮಲಗಿದಾಗ ರಾತ್ರಿಯಿಡೀ ಸಣ್ಣ ಕರೆಂಟ್ ಕೊಡುವುದು. ಕೆನಡಾದ ಡಾ. ಕರೆನ್ ಪೇಪ್ ಇದನ್ನು 1990ರ ದಶಕದಲ್ಲಿ ಪ್ರಚಾರಕ್ಕೆ ತಂದರು. ತಂದೆತಾಯಿಗಳು ಬಹಳ ಆಸೆ ಇಟ್ಟುಕೊಂಡರು. ಡೆನ್ಮಾರ್ಕಿನಲ್ಲಿ ನಡೆಯಬಲ್ಲ 57 ಮಕ್ಕಳ ಮೇಲೆ ಪರೀಕ್ಷೆ ಮಾಡಿದರು, ಕೆಲವರಿಗೆ ನಿಜವಾದ ಕರೆಂಟ್, ಕೆಲವರಿಗೆ ಬರೀ ಡಬ್ಬಿ. 2002ರಲ್ಲಿ ಫಲಿತಾಂಶ ಬಂದಾಗ ಎರಡರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. "ಗ್ಯಾರಂಟಿ ಗುಣ" ಎಂದು ರೊಕ್ಕ ಕೇಳುವವರಿಗೆ ಇದನ್ನು ತೋರಿಸಬೇಕು ಅನ್ನಿಸುತ್ತದೆ. ನಡೆಯುತ್ತಿರುವಾಗಲೇ ಕೊಟ್ಟ ಕರೆಂಟಿನಿಂದ ಪಾದ ಹೆಚ್ಚು ಮೇಲೇಳುತ್ತದೆ ಎನ್ನುವುದಕ್ಕೆ ಮಾತ್ರ ಆಮೇಲಿನ ಅಧ್ಯಯನಗಳಲ್ಲಿ ಆಧಾರವಿದೆ. ಮೆದುಳಿಗೆ ಆದ ಪೆಟ್ಟನ್ನು ಅದು ಅಳಿಸುವುದಿಲ್ಲ.

ನಮ್ಮ ರಾಜ್ಯದಲ್ಲಿ ಅಂಗವಿಕಲರಿಗಾಗಿ ಎಪಿಡಿ ಸಂಸ್ಥೆ ಹುಟ್ಟಿದ್ದು 1959ರಲ್ಲಿ, ಬೆಂಗಳೂರಲ್ಲಿ. ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇರುವುದೂ ಅಲ್ಲೇ. ಸೆರೆಬ್ರಲ್ ಪಾಲ್ಸಿಯನ್ನು ಹೆಸರಿಸಿದ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂದದ್ದು 1999ರಲ್ಲಿ. ಮುರಗೋಡದವರಿಗೆ ದೊಡ್ಡಾಸ್ಪತ್ರೆ ಅಂದರೆ ಬೆಳಗಾವಿ. ವಾರಕ್ಕೆ ಮೂರು ಸಲ ಹೋಗಿಬಂದರೆ ಮೂರು ದಿನದ ಕೂಲಿ ಹೋಯಿತು.

ಆ ಅಕ್ಕ ಮತ್ತೆ ಸಿಕ್ಕರೆ ಹೇಳುವುದಿಷ್ಟು: ಹುಡುಗನ ಪಾದ ಕೈಯಿಂದ ಎತ್ತಿದರೆ ಬಾಗುತ್ತದೋ, ಇಲ್ಲ ಬಿಗಿದು ಕಟ್ಟಿಗೆಯಾಗಿದೆಯೋ ಅಂತ ಮೊದಲು ಫಿಸಿಯೋಥೆರಪಿಯವರ ಹತ್ತಿರ ನೋಡಿಸ್ರಿ. ಬಾಗದಿದ್ದರೆ ಕರೆಂಟಿಗೂ ಎತ್ತಲಾಗುವುದಿಲ್ಲ. ಫಿಟ್ಸ್ ಬರುತ್ತಿದ್ದರೆ ಅದನ್ನೂ ಡಾಕ್ಟರಿಗೆ ಮೊದಲೇ ಹೇಳ್ರಿ. ಮನೆಯಲ್ಲಿ ಮಾಡಿಸುವ ವ್ಯಾಯಾಮ ಮಾತ್ರ ಬಿಡಬ್ಯಾಡ್ರಿ.