ಹಲ್ಲಿಗೆ ಬಣ್ಣ ಬಂದ ಕಥೆ

ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ದಿಟವೆಂದು ನೆಲಕ್ಕೆ ಬೆರಳು ತಟ್ಟುವ ಜನ ನಾವು. ಮೈಮೇಲೆ ಬಿದ್ದರೆ ಪಂಚಾಂಗದಲ್ಲಿ ಹಲ್ಲಿಶಕುನದ ಪುಟ ಹುಡುಕುತ್ತೇವೆ; ಕಂಚಿಗೆ ಹೋದವರು ವರದರಾಜಸ್ವಾಮಿಯ ಗುಡಿಯಲ್ಲಿ ಚಿನ್ನದ ಹಲ್ಲಿಯನ್ನು ಮುಟ್ಟಿ ದೋಷ ಕಳೆದುಕೊಂಡು ಬರುತ್ತಾರೆ. ಅಂಥ ಪ್ರಾಣಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕಿ, ಬಣ್ಣಕ್ಕಾಗಿ ಜೋಡಿ ಕೂಡಿಸಿ ತಳಿ ತೆಗೆಯುತ್ತಾರೆಂದರೆ ನಮ್ಮಲ್ಲನೇಕರಿಗೆ ನಗು ಬಂದೀತು. ಅಮೆರಿಕ, ಯೂರೋಪುಗಳಲ್ಲಿ ಇದೊಂದು ದೊಡ್ಡ ಹವ್ಯಾಸ; ವ್ಯಾಪಾರವೂ ಹೌದು. ಅದರ ಬೇರು ಮಾತ್ರ ನಮ್ಮ ಉಪಖಂಡದಲ್ಲೇ ಇದೆ.

ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು 1841ರಿಂದ ನೋಡಿಕೊಳ್ಳುತ್ತಿದ್ದವರು ಎಡ್ವರ್ಡ್ ಬ್ಲೈತ್. ಪಂಜಾಬಿನ ಉಪ್ಪಿನ ಬೆಟ್ಟಗಳಿಂದ (ಈಗ ಪಾಕಿಸ್ತಾನಕ್ಕೆ ಸೇರಿದೆ) ಬಂದ ಒಂದು ಹಲ್ಲಿಯನ್ನು ಅವರು 1854ರಲ್ಲಿ ವರ್ಣಿಸಿ ಹೆಸರಿಟ್ಟರು. ಹಳದಿ ಮೈಮೇಲೆ ಕಪ್ಪು ಚುಕ್ಕೆ. ಆದ್ದರಿಂದಲೇ ಇಂದು ಅದು ಚಿರತೆ ಗೆಕ್ಕೊ. ನಮ್ಮ ಗೋಡೆಯ ಹಲ್ಲಿಗಿಲ್ಲದ ಕಣ್ಣಿನ ರೆಪ್ಪೆ ಇದಕ್ಕುಂಟು; ಗೋಡೆ ಹತ್ತುವ ಕಾಲು ಮಾತ್ರ ಇಲ್ಲ. ಕೊಬ್ಬು ತುಂಬಿದ ದಪ್ಪ ಬಾಲವೇ ಬರಗಾಲದ ಬುತ್ತಿ. ತಳಿ ತೆಗೆಯುವ ವಿದ್ಯೆಯ ಬಗ್ಗೆ ಡಾರ್ವಿನ್ನರು ಪಾರಿವಾಳ ಸಾಕಿ ಯೋಚಿಸುತ್ತಿದ್ದ ದಿನಗಳಲ್ಲಿ, ಭಾರತದ ಸಾಕುಪ್ರಾಣಿಗಳ ವಿಚಾರ ಬರೆದು ಕಳಿಸುತ್ತಿದ್ದವರೂ ಇದೇ ಬ್ಲೈತ್. ತಾವು ಹೆಸರಿಟ್ಟ ಹಲ್ಲಿಯೇ ಮುಂದೆ ಆ ವಿದ್ಯೆಗೆ ವಸ್ತುವಾದೀತೆಂದು ಅವರು ಎಣಿಸಿರಲಾರರು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಹಲ್ಲಿ ಅಮೆರಿಕದ ಹವ್ಯಾಸಿಗಳ ಮನೆ ಸೇರಿತು. ಹೆಣ್ಣು ಒಂದು ಸಲಕ್ಕೆ ಎರಡು ಮೊಟ್ಟೆ, ವರ್ಷದಲ್ಲಿ ಹಲವು ಸಲ ಇಡುತ್ತದೆ. ಮರಿ ಸುಮಾರು ಒಂದು ವರ್ಷದಲ್ಲಿ ಪ್ರಾಯಕ್ಕೆ ಬರುತ್ತದೆ. ಮೊಟ್ಟೆಯನ್ನು 26 ಡಿಗ್ರಿ ಶಾಖದಲ್ಲಿಟ್ಟರೆ ಬಹುತೇಕ ಹೆಣ್ಣು, 32ರ ಆಸುಪಾಸಿನಲ್ಲಿಟ್ಟರೆ ಹೆಚ್ಚಾಗಿ ಗಂಡು. ಸಾಕುವವನಿಗೆ ಇದಕ್ಕಿಂತ ಅನುಕೂಲ ಬೇಕೆ? ಮೊದಮೊದಲು ಹೆಚ್ಚು ಹಳದಿಯದಕ್ಕೆ ಹೆಚ್ಚು ಹಳದಿಯದನ್ನು ಕೂಡಿಸುತ್ತ ಹೋದರು. ಒಳ್ಳೆಯ ಬೀಜ ಆರಿಸುವ ನಮ್ಮ ರೈತರ ಕ್ರಮವೇ ಅದು.

1990ರ ದಶಕದಲ್ಲಿ ಆಟದ ಬಗೆ ಬದಲಾಯಿತು. ಕಪ್ಪು ಬಣ್ಣವೇ ಇಲ್ಲದ ಬಿಳಿಚು ಮರಿಗಳು ಕೆಲವೇ ವರ್ಷಗಳ ಅಂತರದಲ್ಲಿ ಮೂರು ಬೇರೆ ಬೇರೆ ಬೆಳೆಗಾರರಲ್ಲಿ ಹುಟ್ಟಿದವು. ಟ್ರೆಂಪರ್, ರೇನ್‌ವಾಟರ್, ಬೆಲ್ ಎಂದು ಹೆಸರಾದವು. ನೋಡಲು ಮೂರೂ ಹೆಚ್ಚುಕಡಿಮೆ ಒಂದೇ. ಆದರೆ ಒಂದು ಬಗೆಯದನ್ನು ಇನ್ನೊಂದಕ್ಕೆ ಕೂಡಿಸಿದರೆ ಹುಟ್ಟುವ ಮರಿಗೆ ಕಪ್ಪು ಚುಕ್ಕೆ ಮರಳಿ ಬರುತ್ತದೆ! ಬಣ್ಣ ತಯಾರಾಗುವ ದಾರಿಯಲ್ಲಿ ಒಂದೊಂದರ ಕೊರತೆಯೂ ಒಂದೊಂದು ಕಡೆ. ಒಬ್ಬರಲ್ಲಿಲ್ಲದ್ದನ್ನು ಇನ್ನೊಬ್ಬರು ತುಂಬಿಕೊಡುತ್ತಾರೆ. ಮೆಂಡೆಲನ ಬಟಾಣಿ ಪಾಠ ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತ ನಮಗೆ, ಇದನ್ನು ಓದಿದಾಗಲೇ ಅದು ಅರ್ಥವಾದದ್ದೆನ್ನಬೇಕು.

ಇಷ್ಟರವರೆಗೆ ಕಥೆ ಚಂದ. 2000ದ ದಶಕದಲ್ಲಿ ಬಂದ ಎನಿಗ್ಮಾ ಎಂಬ ತಳಿಯ ಚುಕ್ಕೆಗಳು ಚೆಲುವಾಗಿದ್ದವು. ಆದರೆ ಅನೇಕ ಮರಿಗಳು ತಲೆ ವಾಲಿಸಿಕೊಂಡು ಇದ್ದಲ್ಲೇ ಗಿರಗಿರನೆ ಸುತ್ತುತ್ತಿದ್ದವು, ಹುಳುವಿಗೆ ಬಾಯಿ ಹಾಕಿದರೆ ಗುರಿ ತಪ್ಪುತ್ತಿತ್ತು. ಆದರೂ ಕೊಳ್ಳುವವರಿದ್ದರು, ಈ ಮಾತು ನಮಗೆ ಕಹಿಯೆನಿಸುತ್ತದೆ. ಆಮೇಲೆ ಬಂದದ್ದು ಲೆಮನ್ ಫ್ರಾಸ್ಟ್. ನಿಂಬೆಯ ಹಳದಿಗೆ ಇಬ್ಬನಿ ಕೂತಂಥ ಬಿಳುಪು. ಬೆಲೆ ಏರಿತು. ಸ್ವಲ್ಪ ಕಾಲದಲ್ಲೇ ಅವುಗಳ ಮೈಮೇಲೆ ಬಿಳಿಯ ಗಂಟುಗಳು ಕಾಣಿಸಿಕೊಂಡವು.

ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಂಗ್‌ಹುವಾ ಗುವೊ, ಲಿಯೊನಿಡ್ ಕ್ರುಗ್ಲ್ಯಾಕ್ ಮತ್ತು ಸಂಗಡಿಗರು ಬೆಳೆಗಾರರಿಂದ ಮಾದರಿಗಳನ್ನು ಪಡೆದು ಪರೀಕ್ಷಿಸಿ, 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ತಳಿಯ 80ಕ್ಕೂ ಹೆಚ್ಚು ಶೇಕಡ ಹಲ್ಲಿಗಳಲ್ಲಿ ಚರ್ಮದ ಗಡ್ಡೆ ಬೆಳೆಯುತ್ತದೆ. ಬೆಳಕನ್ನು ಪ್ರತಿಫಲಿಸಿ ಬಿಳುಪು ತೋರುವ ಕೋಶಗಳು ಮಿತಿ ಮೀರಿ ಬೆಳೆಯುವುದರಿಂದಲೇ ಆ ಇಬ್ಬನಿ ಬಣ್ಣ, ಅದರಿಂದಲೇ ಆ ಗಡ್ಡೆ. ಬಣ್ಣವನ್ನು ಉಳಿಸಿಕೊಂಡು ರೋಗವನ್ನು ಮಾತ್ರ ಸೋಸಿ ತೆಗೆಯಲು ಬೆಳೆಗಾರರು ಬೇರೆ ತಳಿಗಳೊಡನೆ ಕೂಡಿಸಿ ನೋಡಿದ್ದರು, ಗಡ್ಡೆ ಬಿಡಲಿಲ್ಲ. ಸಂಶೋಧಕರು ಇದಕ್ಕೆ ಕಾರಣವೆಂದು ಬೊಟ್ಟುಮಾಡಿದ ಸ್ಪಿಂಟ್-1 ಎಂಬ ಜೀನು ಮನುಷ್ಯರ ಚರ್ಮದ ಕ್ಯಾನ್ಸರಿನಲ್ಲೂ ಪಾತ್ರ ವಹಿಸುವಂಥದ್ದು. ಹೀಗಾಗಿ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿದ್ದ ಹಲ್ಲಿ ಈಗ ಪ್ರಯೋಗಾಲಯದ ಪೆಟ್ಟಿಗೆಗೂ ಬಂದಿದೆ.