ಮ್ಯಾಲಹೈಡ್ ಕೋಟೆಯ ಕಾಗದಗಳು

ಕೋಟೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಬುರುಜು, ಕಂದಕ, ಹೆಬ್ಬಾಗಿಲು. ಈ ದಿನ ನಾನು ಹೇಳಹೊರಟಿರುವ ಕೋಟೆಗೆ ಬುರುಜುಗಳೇನೋ ಉಂಟು. ಆದರೆ ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಅದು ಮುಖ್ಯವಾದುದು ಅದರೊಳಗೆ ಇದ್ದ ಹಳೆಯ ಕಾಗದದ ಕಟ್ಟುಗಳಿಂದ.

ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನ ಉತ್ತರಕ್ಕೆ ಸುಮಾರು 15 ಕಿಲೋಮೀಟರು ದೂರದಲ್ಲಿ, ಕಡಲ ತಡಿಯಲ್ಲಿ, ಮ್ಯಾಲಹೈಡ್ ಎಂಬ ಊರಿದೆ. 12ನೆಯ ಶತಮಾನದಲ್ಲಿ ನಾರ್ಮನ್ನರು ಐರ್ಲೆಂಡಿನ ಮೇಲೆ ದಂಡೆತ್ತಿ ಬಂದರಷ್ಟೆ. ಆಗ ಇಂಗ್ಲೆಂಡಿನ ಅರಸ ಎರಡನೆಯ ಹೆನ್ರಿಯ ಆಳ್ವಿಕೆಯಲ್ಲಿ ರಿಚರ್ಡ್ ಟಾಲ್ಬಟ್ ಎಂಬ ಸರದಾರನಿಗೆ ಈ ನೆಲ ಉಂಬಳಿಯಾಗಿ ದೊರೆಯಿತು. ಅದು ಗೆದ್ದವರು ಕೊಟ್ಟ ನೆಲ. ಅದನ್ನು ಮೊದಲು ಉತ್ತು ಬಿತ್ತಿದವರ ಹೆಸರು ಟಾಲ್ಬಟ್ ವಂಶಾವಳಿಯಲ್ಲಿ ಬರುವುದಿಲ್ಲ. ಅಲ್ಲಿಂದ ಸುಮಾರು ಎಂಟು ಶತಮಾನ ಆ ಮನೆತನ ಅಲ್ಲಿಯೇ ಬಾಳಿತು. ನಡುವೆ ಬಿಡುವಾದದ್ದು ಒಂದೇ ಸಲ. ಕ್ರಾಮ್ವೆಲ್ಲನ ಕಾಲದಲ್ಲಿ ಕೋಟೆ ಮೈಲ್ಸ್ ಕಾರ್ಬೆಟ್ ಎಂಬವನ ಪಾಲಾಯಿತು. ಈತ ಅರಸ ಮೊದಲನೆಯ ಚಾರ್ಲ್ಸನ ಮರಣದಂಡನೆಯ ಆಜ್ಞೆಗೆ ಸಹಿ ಹಾಕಿದವರಲ್ಲಿ ಒಬ್ಬ. ರಾಜಪ್ರಭುತ್ವ ಮರಳಿ ಬಂದ ಮೇಲೆ 1662ರಲ್ಲಿ ಅವನೂ ಮರಣದಂಡನೆಗೆ ಗುರಿಯಾದ; ಟಾಲ್ಬಟ್ಟರು ತಮ್ಮ ಮನೆಗೆ ಹಿಂತಿರುಗಿದರು.

1690ರಲ್ಲಿ ಬಾಯ್ನ್ ನದಿಯ ಕಾಳಗ ನಡೆಯಿತು. ಅಂದು ಬೆಳಿಗ್ಗೆ ಈ ಮನೆಯ ದೊಡ್ಡ ಹಜಾರದಲ್ಲಿ ಒಟ್ಟಿಗೆ ಕುಳಿತು ಉಪಾಹಾರ ಸೇವಿಸಿದ ಹದಿನಾಲ್ಕು ಮಂದಿ ಬಂಧುಗಳಲ್ಲಿ ಒಬ್ಬರೂ ಹಿಂದಿರುಗಲಿಲ್ಲವೆಂದು ಐತಿಹ್ಯ. ಕ್ಯಾಥೊಲಿಕರ ಪಕ್ಷ ಸೋತರೂ ಕ್ಯಾಥೊಲಿಕರಾದ ಟಾಲ್ಬಟ್ಟರು ಆಸ್ತಿಯನ್ನು ಉಳಿಸಿಕೊಂಡರು. ಮುಂದೆ 18ನೆಯ ಶತಮಾನದ ಉತ್ತರಾರ್ಧದಲ್ಲಿ ಮತಾಂತರವನ್ನೂ ಹೊಂದಿದರು. ಬಾಗಬೇಕಾದಲ್ಲಿ ಬಾಗಿ, ಸುಮ್ಮನಿರಬೇಕಾದಲ್ಲಿ ಸುಮ್ಮನಿದ್ದು ಮನೆಯನ್ನು ಕಾಪಾಡಿಕೊಂಡ ವಂಶ ಇದು.

ಇನ್ನು ಕಾಗದಗಳ ಕತೆ. ಡಾಕ್ಟರ್ ಜಾನ್ಸನ್ನನ ಜೀವನಚರಿತ್ರೆಯನ್ನು 1791ರಲ್ಲಿ ಪ್ರಕಟಿಸಿದ ಜೇಮ್ಸ್ ಬಾಸ್ವೆಲ್ ಸ್ಕಾಟ್ಲೆಂಡಿನವನು. ಅವನ ಮೊಮ್ಮಗನ ಮಗಳು ಎಮಿಲಿ 1873ರಲ್ಲಿ ಮ್ಯಾಲಹೈಡಿನ ಸೊಸೆಯಾಗಿ ಬಂದಳು. ಮುಂದೆ ಬಾಸ್ವೆಲ್ ಮನೆತನದ ಸ್ವತ್ತು ಅವಳ ಮಗನಿಗೆ ಸಂದಾಗ ಕರಿಮರದ ಬೀರುವೊಂದೂ ಅನೇಕ ಕಾಗದಗಳೂ ಐರ್ಲೆಂಡಿಗೆ ಬಂದವು. ಬಾಸ್ವೆಲ್ಲನ ದಿನಚರಿಗಳು ಎಂದೋ ನಾಶವಾದವೆಂದು ವಿದ್ವಾಂಸರು ಬಹುಕಾಲ ನಂಬಿದ್ದರು. ಮನೆಯವರಿಗೂ ಅವನ ಬಗೆಗೆ ಅಭಿಮಾನಕ್ಕಿಂತ ಸಂಕೋಚವೇ ಹೆಚ್ಚು. ಅವನ ಕುಡಿತ, ಸ್ತ್ರೀಲೋಲತೆಗಳು ಹೆಸರಾಗಿದ್ದವು. ನಮ್ಮ ದೇಶದ ವಿದ್ಯಾಭ್ಯಾಸದ ದಾರಿಯನ್ನೇ ತಿರುಗಿಸಿದ ಮೆಕಾಲೆ 1831ರಲ್ಲಿ ಬರೆದ ಲೇಖನದಲ್ಲಿ ಬಾಸ್ವೆಲ್ಲನನ್ನು ಮೂರ್ಖನೆಂದು ಹಳಿದಿದ್ದ. ಮೂರ್ಖನಾದುದರಿಂದಲೇ ಮಹಾಕೃತಿಯನ್ನು ಬರೆಯಬಲ್ಲವನಾದನೆಂಬುದು ಅವನ ವಿಚಿತ್ರ ತರ್ಕ.

1925ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಟಿಂಕರ್ ಈ ಕೋಟೆಗೆ ಬಂದು ಕಾಗದಗಳನ್ನು ಕಣ್ಣಾರೆ ಕಂಡರು. 1927ರಲ್ಲಿ ರಾಲ್ಫ್ ಐಷಮ್ ಎಂಬ ಸಂಗ್ರಾಹಕರು ಅವುಗಳನ್ನು ಕೊಂಡರು. ಮನೆಯ ಒಡತಿ ತಮಗೆ ಅನುಚಿತವೆಂದು ತೋರಿದ ಕೆಲವು ಸಾಲುಗಳ ಮೇಲೆ ಮಸಿ ಬಳಿದಿದ್ದರು. ಅಷ್ಟಕ್ಕೇ ಮುಗಿಯಲಿಲ್ಲ. 1930ರಲ್ಲಿ, ಕ್ರೋಕೆ ಆಟದ ಸಾಮಾನಿರಬೇಕಾಗಿದ್ದ ಪೆಟ್ಟಿಗೆಯೊಂದರಲ್ಲಿ, ಜಾನ್ಸನ್ನನೊಡನೆ ಹೆಬ್ರಿಡೀಸ್ ದ್ವೀಪಗಳಿಗೆ ಹೋದ ಪ್ರವಾಸದ ದಿನಚರಿಯೇ ಸಿಕ್ಕಿತು. 1940ರಲ್ಲಿ ಆವರಣದ ಹಳೆಯ ಕಟ್ಟಡವೊಂದರ ಅಟ್ಟದಲ್ಲಿ ಇನ್ನಷ್ಟು ದೊರೆಯಿತು. ಐಷಮರ ಸಂಗ್ರಹ 1949ರಲ್ಲಿ ಯೇಲ್ ವಿಶ್ವವಿದ್ಯಾನಿಲಯವನ್ನು ಸೇರಿತು. ಮರುವರ್ಷದಿಂದ ಯೇಲ್ ಆವೃತ್ತಿಯ ಪ್ರಕಟಣೆ ಮೊದಲಾಯಿತು. ಆ ಹೊತ್ತಗೆಗಳನ್ನು ಓದಿದವರಿಗೆ ಮೆಕಾಲೆಯ ತೀರ್ಪು ನಿಲ್ಲಲಾರದು. ಕಂಡದ್ದನ್ನು ಕೇಳಿದ್ದನ್ನು ದಿನದಿನವೂ ಗುರುತು ಹಾಕಿಕೊಂಡು, ಮತ್ತೆ ತಿದ್ದಿ, ತನ್ನ ದೌರ್ಬಲ್ಯವನ್ನೂ ಮರೆಮಾಚದೆ ಬರೆದ ಎಚ್ಚರದ ಕಲಾವಿದ ಅಲ್ಲಿ ಕಾಣುತ್ತಾನೆ.

ಮಸಿ ಬಳಿದ ಆ ಗೃಹಿಣಿಯನ್ನು ನಾನು ನಿಂದಿಸಲಾರೆ. ಮನೆಯ ಮಾನ ಅವರ ಪಾಲಿಗೆ ಸಣ್ಣ ಮಾತಾಗಿರಲಿಲ್ಲ. ಆದರೆ ಒಬ್ಬ ಲೇಖಕನ ಬರಹದ ಮೇಲೆ ಅವನ ವಂಶಜರಿಗೆ ಎಷ್ಟು ಹಕ್ಕು? ಬಚ್ಚಿಡುವ ಹಕ್ಕು ಇದ್ದೀತು. ಅಳಿಸುವ ಹಕ್ಕು ಇಲ್ಲವೆಂದೇ ನನ್ನ ಅಭಿಪ್ರಾಯ. ಬಚ್ಚಿಟ್ಟದ್ದು ಎಂದಾದರೊಮ್ಮೆ ಕೈಗೆ ಸಿಕ್ಕೀತು, ಅಳಿಸಿದ್ದು ಸಿಕ್ಕದು. ಸಂಕೋಚಪಟ್ಟುಕೊಂಡಾದರೂ ಆ ಮನೆಯವರು ಕಾಗದಗಳನ್ನು ಬೆಂಕಿಗೆ ಹಾಕಲಿಲ್ಲವಲ್ಲ, ಅದಕ್ಕಾಗಿ ಸಾಹಿತ್ಯಲೋಕ ಅವರಿಗೆ ಋಣಿ.

ಕೋಟೆಯ ಕೊನೆಯ ಒಡೆಯ ಮಿಲೊ ಟಾಲ್ಬಟ್ ಸಸ್ಯಪ್ರೇಮಿ; ದಕ್ಷಿಣಾರ್ಧ ಗೋಳದ ಅಪರೂಪದ ಗಿಡಗಳನ್ನು ತರಿಸಿ ತೋಟ ಬೆಳೆಸಿದವರು. 1973ರಲ್ಲಿ ಅವರು ತೀರಿಕೊಂಡಾಗ ಮಕ್ಕಳಿರಲಿಲ್ಲ. ಉತ್ತರಾಧಿಕಾರ ತೆರಿಗೆಯ ಹೊರೆ ತಂಗಿ ರೋಸ್ ಅವರ ಮೇಲೆ ಬಿತ್ತು. ಕಾಳಗ ಕಸಿಯಲಾರದ ಮನೆಯನ್ನು ತೆರಿಗೆ ಬಿಡಿಸಿತು. ಕೋಟೆ ಡಬ್ಲಿನ್ ಕೌಂಟಿ ಕೌನ್ಸಿಲಿನ ಕೈಸೇರಿತು. 1976ರಲ್ಲಿ ಒಳಗಿನ ಸಾಮಾನುಗಳು ಹರಾಜಾದವು. ಅನೇಕ ಭಾವಚಿತ್ರಗಳನ್ನು ಐರ್ಲೆಂಡಿನ ರಾಷ್ಟ್ರೀಯ ಚಿತ್ರಶಾಲೆ ಕೊಂಡಿತು. ಅವುಗಳಲ್ಲಿ ಕೆಲವು ಮತ್ತೆ ಅದೇ ಗೋಡೆಗಳನ್ನು ಸೇರಿದವು. ರೋಸ್ ಟಾಸ್ಮೇನಿಯಾದಲ್ಲಿದ್ದ ತಮ್ಮ ಮನೆತನದ ಜಮೀನಿಗೆ ಹೋಗಿ ನೆಲಸಿದರು. ಆ ಜಮೀನಿನ ಹೆಸರೂ ಮ್ಯಾಲಹೈಡ್ ಎಂದೇ.

ಈಗ ಅಲ್ಲಿಗೆ ಚೀಟಿ ಕೊಂಡು ಯಾರು ಬೇಕಾದರೂ ಹೋಗಬಹುದು. ಅರಸನಿಂದ ಒಬ್ಬನಿಗೆ ಉಂಬಳಿಯಾಗಿ ದೊರೆತ ನೆಲದಲ್ಲಿ ಇಂದು ಊರಿನ ಮಕ್ಕಳು ಆಡುತ್ತಾರೆ.